ಯಜಮಾನರ ಹಗುರ ಮೂಳೆ

ಆ ದಿನದ ರಗಳೆಗೆಲ್ಲ ಮೂಲ ಒಬ್ಬ ಲಾರಿ ಡ್ರೈವರು. ಬಾಗಿಲಲ್ಲಿ ನಿಂತರೆ ಒಳಗೆ ದೀಪ ಹಾಕಬೇಕು, ಅಷ್ಟು ಅಗಲದ ಆಸಾಮಿ. ಬೆನ್ನುನೋವೆಂದು ಬಂದವನು ತೂಕದ ಯಂತ್ರದ ಮೇಲೆ ನಿಂತು, ಇಳಿದು, ಚಪ್ಪಲಿ ಮೆಟ್ಟಿಕೊಂಡು ಡಾಕ್ಟರಮ್ಮನ ಕೋಣೆಗೆ ಹೋಗಿ ಕುಳಿತ. ಕುರ್ಚಿ ಕಿರುಗುಟ್ಟಿತು. ಮೇಜಿನ ಮೇಲಿನ ಕಂಪ್ಯೂಟರು ಮಾತ್ರ ಅವನ ತೂಕ ಮೂವತ್ತೊಂಬತ್ತು ಕಿಲೋ ಎಂದು ಸಾರಿತು.

ಬೆಳಗಿನ ಗಡಿಬಿಡಿಯಲ್ಲಿದ್ದ ಡಾಕ್ಟರಮ್ಮ ತಲೆಯೆತ್ತಲಿಲ್ಲ. "ಹೀಗೆ ಒಣಗಿದ್ರೆ ಬೆನ್ನು ನೋಯದೆ ಇನ್ನೇನಾಗತ್ತೆ? ಬೆಣ್ಣೆ, ಹಾಲು ಜಾಸ್ತಿ ಮಾಡಿ. ಊಟದ ಮಧ್ಯೆ ಇನ್ನೆರಡು ಊಟ ಇರಲಿ," ಎಂದು ಬರೆದುಕೊಟ್ಟರು. ಡ್ರೈವರನ ಕಣ್ಣಲ್ಲಿ ನೀರು ತುಂಬಿತು. ಇಷ್ಟು ವರ್ಷದಲ್ಲಿ ಅವನ ಹಸಿವನ್ನು ಅರ್ಥ ಮಾಡಿಕೊಂಡ ವೈದ್ಯರು ಇವರೊಬ್ಬರೇ.

ಅವನ ಬೆನ್ನಿಗೇ ಬಂದವರು ಒಬ್ಬ ಟೀಚರಮ್ಮ. ಗಾಳಿಯ ದಿನ ಕೊಡೆ ಬಿಡಿಸಿದರೆ ಕೊಡೆಯೊಂದಿಗೆ ತಾವೂ ಹೊರಟುಹೋಗುವಂಥವರು. ಅವರ ತೂಕ ನೂರ ಹದಿನಾಲ್ಕು ಕಿಲೋ ಎಂದಾಯಿತು. "ನಾಳೆಯಿಂದ ಒಂದೇ ಹೊತ್ತು ಊಟ. ಅದೂ ಅರ್ಧ," ಎಂದರು ಡಾಕ್ಟರಮ್ಮ. ಟೀಚರಮ್ಮ ಅಲ್ಲೇ ಬಿಕ್ಕಿ ಬಿಕ್ಕಿ ಅಳತೊಡಗಿದ ಮೇಲೆ ಡಾಕ್ಟರಮ್ಮ ತಲೆಯೆತ್ತಿದರು. ಕುರ್ಚಿಯನ್ನು ನೋಡಿದರು. ಕುರ್ಚಿಯ ಮುಕ್ಕಾಲು ಪಾಲು ಖಾಲಿಯಿತ್ತು.

"ಕಡ್ಡೀ," ಎಂದು ಕೂಗಿದರು.

ಕಡ್ಡಿ ಎಂಬುದು ತೂಕದ ಕೋಣೆಯ ನೌಕರನಿಗೆ ಇಡೀ ಕ್ಲಿನಿಕ್ಕು ಸೇರಿ ಇಟ್ಟ ಹೆಸರು. ಕೈಕಾಲುಗಳಿರುವುದರಿಂದ ಮನುಷ್ಯನೆಂದು ಗೊತ್ತಾಗುತ್ತಿತ್ತೇ ಹೊರತು ಬೇರೆ ಪುರಾವೆ ಕಡಿಮೆ. ಬಂದವರ ಚಪ್ಪಲಿ ಬಿಡಿಸುವುದು, ಅವರನ್ನು ಯಂತ್ರದ ಮೇಲೆ ನಿಲ್ಲಿಸುವುದು, ಇಳಿಸುವುದು, ಇದಿಷ್ಟೇ ಅವನ ಉದ್ಯೋಗ. ಈ ಉದ್ಯೋಗದಲ್ಲಿ ಕೂರುವುದೆಂಬ ಅಂಶವೇ ಇರಲಿಲ್ಲ. ತೂಕದ ಕೋಣೆಯಲ್ಲಿ ಕುರ್ಚಿ ಇಟ್ಟರೆ ರೋಗಿಗಳು ಯಂತ್ರದ ಬದಲು ಕುರ್ಚಿ ಹತ್ತುತ್ತಾರೆಂದು ಹಿಂದೆ ಯಾರೋ ತೀರ್ಮಾನಿಸಿದ್ದರು. ಕಡ್ಡಿ ಮದುವೆಗೆ ಮುಂಚಿನಿಂದಲೂ ನಿಂತೇ ಇದ್ದ. ಈಗ ಅವನ ಮಗಳು ಹೈಸ್ಕೂಲಿನಲ್ಲಿದ್ದಳು.

ಆದರೆ ಆ ತಿಂಗಳು ಅವನ ಬದುಕಿನಲ್ಲಿ ಒಂದು ಕುರ್ಚಿ ಕಾಣಿಸಿಕೊಂಡಿತ್ತು. ಔಷಧಿ ಕೌಂಟರಿನ ಮುದುಕರು ಕೆಲಸ ಬಿಡುವವರಿದ್ದರು. ಅವರು ಕೂರುತ್ತಿದ್ದುದು ಕೈಯಿಟ್ಟುಕೊಳ್ಳಲು ಜಾಗವಿರುವ, ಕೂತಲ್ಲೇ ತಿರುಗುವ ಕುರ್ಚಿ. ವಿಷಯ ಕೇಳಿದ್ದೇ ತಡ ಕಡ್ಡಿಯ ಹೆಂಡತಿ ಒಂದು ದಿಂಬು ಹೊಲಿದಳು. ನಾನೂರು ಗ್ರಾಂ ಹತ್ತಿಯನ್ನು ಅಂಗಡಿಯಲ್ಲಿ ಎದುರಿಗೆ ನಿಂತು ತೂಗಿಸಿಕೊಂಡು ತಂದು, ಮೇಲೆ ಎರಡು ಗಿಳಿಗಳ ಕಸೂತಿ ಹಾಕಿದಳು. "ಮೊದಲು ಕುರ್ಚಿ ಸಿಗಲಿ ಕಣೇ," ಎಂದರೆ, "ದಿಂಬು ನೋಡಿದ್ರಾದ್ರೂ ಅವರಿಗೆ ನೆನಪಾಗತ್ತೆ, ತಗೊಂಡ್ಹೋಗ್ರೀ," ಎಂದು ಆ ಬೆಳಿಗ್ಗೆ ಅದನ್ನು ಅವನ ಕೈಚೀಲಕ್ಕೆ ತುರುಕಿ ಕಳಿಸಿದ್ದಳು.

"ಈ ಮಷಿನ್ನಿಗೆ ಏನಾಗಿದೆ?" ಎಂದರು ಡಾಕ್ಟರಮ್ಮ. "ತೂಕ ಬರೋದು ತಡ ಆಗತ್ತೆ ಅಂತ ನಾನೂ ಸುಮ್ನಿದ್ದೆ. ಈಗ ಬಾಯಿಗೆ ಬಂದದ್ದು ಹೇಳ್ತಿದೆ."

"ನಾನು ಬರೀ ನಿಲ್ಲಿಸ್ತೀನಿ ಅಮ್ಮಾ. ಆಮೇಲಿಂದು ಮಷಿನ್ನಿನ ವೈರಿಗೆ ಬಿಟ್ಟಿದ್ದು."

ಅವನು ಹೇಳಿದ್ದು ನಿಜ. ಹಳೆಯ ಯಂತ್ರಕ್ಕೆ ಮುಳ್ಳಿತ್ತು, ಅಂಕಿಗಳಿದ್ದವು. ಕಡ್ಡಿ ಅದನ್ನು ಓದಿ ಹರಾಜಿನವನಂತೆ ಕೂಗುತ್ತಿದ್ದ, ಹೊರಗೆ ಕೂತವರೆಲ್ಲ ಕೇಳಿ ನಗುತ್ತಿದ್ದರು. ಹೊಸ ಯಂತ್ರಕ್ಕೆ ಮುಖವೇ ಇಲ್ಲ. ನುಣ್ಣನೆಯ ಒಂದು ಗಾಜಿನ ಹಲಗೆ, ಅದರಿಂದ ಹೊರಟ ಒಂದು ವೈರು, ಅಷ್ಟೆ. ತೂಕ ಗುಟ್ಟಾಗಿ ಡಾಕ್ಟರಮ್ಮನ ಕಂಪ್ಯೂಟರಿಗೇ ಹೋಗಬೇಕು. ಇದನ್ನು ದಾನ ಕೊಟ್ಟವರು ಕ್ಲಿನಿಕ್ಕಿನ ಯಜಮಾನರು. ಕಟ್ಟಡ ಅವರದು, ಗೋಡೆಯ ಮೇಲಿನ ಫೋಟೊ ಅವರದು, ಫೋಟೊದಲ್ಲಿ ಹಿಡಿಸದೆ ಹೊರಗುಳಿದ ಹೆಗಲೂ ಅವರದೇ. ಹೋದ ತಿಂಗಳು ಯಂತ್ರದ ಉದ್ಘಾಟನೆಯ ದಿನ ತಾವೇ ಅದರ ಮೇಲೆ ನಿಂತಿದ್ದರು. ಬಂದ ಅಂಕಿಯನ್ನು ನೋಡಿ ಪರಮ ಸಂತೋಷಗೊಂಡಿದ್ದರು. "ನೋಡೋಕೆ ದೊಡ್ಡ ಶರೀರ, ಆದ್ರೆ ನನ್ನದು ಹಗುರ ಮೂಳೆ. ವಿಜ್ಞಾನವೇ ಹೇಳಿದೆ," ಎಂದು ಅಂದಿನಿಂದ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗುತ್ತಿದ್ದರು.

"ಸಾಯಂಕಾಲ ಯಜಮಾನರು ಮಷಿನ್ ತೋರಿಸೋಕೆ ಅಂತ ತಮ್ಮ ಬೀಗರನ್ನ ಕರ್ಕೊಂಡು ಬರ್ತಿದ್ದಾರೆ," ಎಂದರು ಡಾಕ್ಟರಮ್ಮ. "ಅಷ್ಟೊತ್ತಿಗೆ ಇದು ಸರಿಯಾಗಿರಬೇಕು. ಮಾಡಿದ್ರೆ ಔಷಧಿ ಕೌಂಟರಿನ ಕುರ್ಚಿ ನಿಂದು. ಇಲ್ಲಾಂದ್ರೆ ಸೊಳ್ಳೆ ಆಗ್ಲೇ ಕೇಳಿಟ್ಟಿದ್ದಾನೆ."

ಸೊಳ್ಳೆ ಎಂದರೆ ಲ್ಯಾಬಿನಲ್ಲಿ ರಕ್ತ ತೆಗೆಯುವವನು.

ಕಡ್ಡಿ ತೂಕದ ಕೋಣೆಗೆ ಮರಳಿ ಯಂತ್ರದ ಎದುರು ಕುಕ್ಕರುಗಾಲಲ್ಲಿ ಕುಳಿತ. ಯಂತ್ರ ಅವನನ್ನು ನೋಡಲಿಲ್ಲ, ಅದಕ್ಕೆ ಮುಖವಿಲ್ಲವಲ್ಲ. ಅಷ್ಟರಲ್ಲಿ ಸುದ್ದಿ ಹರಡಿ, ಸಲಹೆಗಳು ಸಾಲುಗಟ್ಟಿ ಬಂದವು.

ಮೊದಲು ಬಂದವಳು ಹೊರಗೆ ಚೀಟಿ ಬರೆದು ಕೊಡುವ ಅಕ್ಕ. "ಇದಕ್ಯಾಕೆ ತಲೆ ಕೆಡಿಸ್ಕೋತೀಯಪ್ಪಾ? ಆಫ್ ಮಾಡಿ ಆನ್ ಮಾಡಿದ್ರೆ ಎಲ್ಲ ಸರಿಹೋಗತ್ತೆ. ನಮ್ಮ ಮನೆಯವರನ್ನ ಬಿಟ್ಟು ಮಿಕ್ಕಿದ್ದೆಲ್ಲ ನಾನು ಹಾಗೇ ರಿಪೇರಿ ಮಾಡಿರೋದು," ಎಂದಳು. ಯಾವ ಸ್ವಿಚ್ಚೆಂದು ಅವನು ಕೇಳುವಷ್ಟರಲ್ಲಿ ಮೂಲೆಯ ದೊಡ್ಡ ಸ್ವಿಚ್ಚನ್ನು ಕೆಳಕ್ಕೆಳೆದಳು. ಇಡೀ ಕ್ಲಿನಿಕ್ಕು ಕತ್ತಲಾಯಿತು. ಡಾಕ್ಟರಮ್ಮ ಆಗ ಒಬ್ಬರ ಕಿವಿಯೊಳಗೆ ಇಣುಕುತ್ತಿದ್ದರು. ದೀಪ ಹೋದದ್ದು ಕ್ಲಿನಿಕ್ಕಿನಲ್ಲೋ ತನ್ನ ಕಿವಿಯಲ್ಲೋ ತಿಳಿಯದೆ ಆ ರೋಗಿ "ಅಮ್ಮಾ, ಒಳಗೇನು ಕಾಣ್ತಾ ಇಲ್ವಾ?" ಎಂದು ಗಾಬರಿಯಿಂದ ಕೇಳುವುದು ಗೋಡೆಯಾಚೆಯಿಂದ ಕೇಳಿಸಿತು.

ಬೆಳಕು ಮರಳಿತು. ಯಂತ್ರದ ತಡ ಮಾತ್ರ ಹೋಗಲಿಲ್ಲ.

ಎರಡನೆಯವರು ಸೇತುವೆ ತಾತ. ನೌಕರಿಯಲ್ಲಿದ್ದಾಗ ಸೇತುವೆ ಕಟ್ಟಿಸುತ್ತಿದ್ದ ಇಂಜಿನಿಯರು. ನಿವೃತ್ತರಾದ ಮೇಲೆ ಬಿ.ಪಿ. ನೋಡಿಸುವ ನೆಪದಲ್ಲಿ ದಿನವೂ ಬಂದು, ಮಧ್ಯಾಹ್ನದವರೆಗೆ ಫ್ಯಾನಿನ ಕೆಳಗೆ ಕೂತು ಪತ್ರಿಕೆ ಓದಿ ಹೋಗುತ್ತಿದ್ದರು. ಅವರು ವೈರನ್ನು ಕೈಬೆರಳಿಂದ ಮುಟ್ಟಿ ನೋಡಿ, ಅದು ಹೋದ ದಾರಿಯನ್ನೇ ಹಿಡಿದು ಚೀಟಿ ಅಕ್ಕನ ಮೇಜಿನವರೆಗೆ ನಡೆದರು. ಮೇಜಿನ ಕೆಳಗೆ ವೈರು ಹಗ್ಗದ ಅಂಗಡಿಯ ಹಾಗೆ ಸುರುಳಿ ಸುತ್ತಿ ಬಿದ್ದಿತ್ತು.

"ನೋಡು ಮಗಾ," ಎಂದರು ತಾತ. "ಅಂಕಿ ಅಂದ್ರೂ ನೀರಿನ ಹಾಗೇನೆ. ಇಷ್ಟು ಸುತ್ತು ಹೊಡೆದು ಬರೋ ಹೊತ್ತಿಗೆ ಅದಕ್ಕೆ ತಲೆ ತಿರುಗಿರತ್ತೆ. ನೂರು ಅಂತ ಹೊರಟಿದ್ದು ಮೂವತ್ತು ಅಂತ ಬಂದು ಬೀಳತ್ತೆ. ಸುರುಳಿ ಬಿಚ್ಚು."

"ನೀರು ದಾರೀಲಿ ಸೋರಬಹುದು ತಾತಾ. ಟೀಚರಮ್ಮಂಗೆ ಹೆಚ್ಚಾಗಿದ್ದು ಹೇಗೆ?"

ತಾತ ಅವನನ್ನು ಕರುಣೆಯಿಂದ ನೋಡಿದರು. "ಪ್ರವಾಹ," ಎಂದರು.

ಸುರುಳಿ ಬಿಚ್ಚಿದರು. ವೈರು ಹಜಾರದ ಉದ್ದಕ್ಕೂ ಹೋಗಿ, ಬೆಂಚುಗಳನ್ನು ಬಳಸಿ, ಮತ್ತೆ ಬಂದು ಡಾಕ್ಟರಮ್ಮನ ಬಾಗಿಲು ಮುಟ್ಟಿತು. ಅದೇ ವೇಳೆಗೆ ಸೊಳ್ಳೆ ಖಾಲಿ ಬಾಟಲಿಗಳ ತಟ್ಟೆ ಹಿಡಿದು, ಮುಂದಿನ ತಿಂಗಳ ಕುರ್ಚಿಯನ್ನು ನೆನೆಯುತ್ತ, ತಲೆ ಮೇಲೆ ಮಾಡಿಕೊಂಡು ಬರುತ್ತಿದ್ದ. ವೈರು ಅವನ ಕಾಲನ್ನು ಹಿಡಿಯಿತು. ಬಾಟಲಿಗಳು ಬೆಂಚುಗಳ ಕೆಳಗೆಲ್ಲ ಉರುಳಿದವು. ಕಾಯುತ್ತಿದ್ದವರು ತಮ್ಮ ತಮ್ಮ ಕಾಯಿಲೆ ಮರೆತು ಬಗ್ಗಿ ಹುಡುಕಿಕೊಟ್ಟರು. ಬೆನ್ನುನೋವಿನವರೊಬ್ಬರು ಎಲ್ಲರಿಗಿಂತ ಹೆಚ್ಚು ಹೆಕ್ಕಿದ್ದರಿಂದ ಔಷಧಿಯಿಲ್ಲದೆ ಮನೆಗೆ ಹೋಗಬೇಕಾಯಿತು.

ಸೊಳ್ಳೆ ಮೊಣಕಾಲು ತಿಕ್ಕಿಕೊಳ್ಳುತ್ತ ಮೂರನೆಯ ಸಲಹೆ ಕೊಟ್ಟ. "ತಪ್ಪು ವೈರಿಂದಲ್ಲ, ಮಷಿನ್ನಿಂದೂ ಅಲ್ಲ. ಬೆಳಗಿಂದ ಎಂತೆಂಥವರೋ ಹತ್ತಿ ಇಳೀತಾರೆ, ಅದು ದಣಿದಿದೆ. ಮೇಲೆ ಏನಾದ್ರೂ ಹಗುರವಾದ್ದು ಇಟ್ಟು ಸ್ವಲ್ಪ ಹೊತ್ತು ಬಿಡು, ಸುಧಾರಿಸ್ಕೊಳ್ಳತ್ತೆ." ಅವನ ಮಾತಿನಲ್ಲಿ ಸದುದ್ದೇಶವಿರಲಿಲ್ಲ. ಕಡ್ಡಿ ಸಾಯಂಕಾಲದವರೆಗೆ ಯಂತ್ರದ ಪಕ್ಕ ಕೂತು ಕಾಯುತ್ತಿರಲಿ ಎಂಬುದಷ್ಟೇ ಅವನ ಆಸೆ. ಆದರೂ ದಿಕ್ಕು ತೋಚದ ಕಡ್ಡಿ ಕೈಚೀಲದಿಂದ ಗಿಳಿಗಳ ದಿಂಬನ್ನು ತೆಗೆದು ಗಾಜಿನ ಹಲಗೆಯ ಮೇಲಿಟ್ಟ.

ಯಂತ್ರ ಸುಧಾರಿಸಿಕೊಳ್ಳುವುದಕ್ಕೆ ಬೇಕರಿಯವರು ಬಿಡಲಿಲ್ಲ. ತಾವು ಮಾಡಿದ್ದನ್ನು ತಾವೇ ಮೊದಲು ತಿಂದು ನೋಡುವ ಪ್ರಾಮಾಣಿಕ ವ್ಯಾಪಾರಿ ಅವರು. ಕೆಳಗೆ ನೋಡಿದಾಗ ತಮ್ಮ ಪಾದ ಕಂಡು ವರ್ಷಗಳಾಗಿದ್ದವು. ಕಡ್ಡಿ ದಿಂಬನ್ನು ಎತ್ತಿಕೊಂಡು ಅವರನ್ನು ಹತ್ತಿಸಿ, ಇಳಿಸಿ, ಒಳಕ್ಕೆ ಕಳಿಸಿದ. ಮರುಕ್ಷಣ ಡಾಕ್ಟರಮ್ಮನ ಧ್ವನಿ ಕೇಳಿತು, ಬಹಳ ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದರೆ ಹೆದರಬೇಕೆಂದು ಎಲ್ಲರಿಗೂ ಗೊತ್ತಿತ್ತು.

"ಕಡ್ಡಿ, ಒಳಗೆ ಬಾ. ಇವರ ತೂಕ ನಾನೂರು ಗ್ರಾಮಂತೆ."

ಬೇಕರಿಯವರಿಗೆ ಅವಮಾನವಾಗಿತ್ತು. "ಅಷ್ಟು ನಮ್ಮ ಬ್ರೆಡ್ಡೇ ತೂಗತ್ತಲ್ರೀ," ಎಂದರು.

ನಾನೂರು ಗ್ರಾಂ. ಕಡ್ಡಿಗೆ ಹೆಂಡತಿ ಅಂಗಡಿಯಲ್ಲಿ ಹತ್ತಿ ತೂಗಿಸಿದ್ದು ನೆನಪಾಯಿತು. ಅವನು ಬಾಗಿಲಲ್ಲೇ ನಿಂತು ಕಂಕುಳಲ್ಲಿದ್ದ ದಿಂಬನ್ನು ನೋಡಿದ, ಪರದೆಯನ್ನು ನೋಡಿದ, ಮತ್ತೆ ದಿಂಬನ್ನು ನೋಡಿದ. ಎರಡು ಗಿಳಿಗಳೂ ಅವನನ್ನೇ ನೋಡುತ್ತಿದ್ದವು.

ಡಾಕ್ಟರಮ್ಮ ಊಟಕ್ಕೆದ್ದ ಮೇಲೆ ಕಡ್ಡಿಯ ಪ್ರಯೋಗ ಸುರುವಾಯಿತು. ದಿಂಬು ಇಟ್ಟ, ಓಡಿಹೋಗಿ ಪರದೆ ನೋಡಿದ: ದಿಂಬಿಗಿಂತ ಮೊದಲು ಹತ್ತಿದವರ ತೂಕ. ತಾನು ಹತ್ತಿದ, ಇಳಿದು ಓಡಿದ: ನಾನೂರು ಗ್ರಾಂ. ಮತ್ತೆ ದಿಂಬು ಇಟ್ಟ, ಓಡಿದ: ನಲವತ್ತಾರು ಕಿಲೋ. ಅದು ಅವನ ಸ್ವಂತ ತೂಕ. ನಲವತ್ತಾರು ಎಂಬ ಅಂಕಿಯನ್ನು ಈ ಪರದೆಯ ಮೇಲೆ ಹಿಂದೆಲ್ಲೋ ಕಂಡ ಹಾಗಾಯಿತು. ಆದರೆ ಏದುಸಿರು ಬಿಡುತ್ತಿದ್ದವನಿಗೆ ಅದನ್ನು ಕೆದಕುವ ಪುರುಸೊತ್ತಿರಲಿಲ್ಲ. ಬುತ್ತಿ ಬಿಚ್ಚಿ ಕೂತ ಚೀಟಿ ಅಕ್ಕ ಅವನ ಓಡಾಟ ನೋಡಿ, "ಪಾಪ, ಕುರ್ಚಿ ಅಂತ ತಲೆ ಕೆಟ್ಟಿದೆ. ದಿಂಬಿಗೆ ಔಷಧಿ ಕೊಡಿಸೋ ಹಂಗಾಗಿದೆ," ಎಂದಳು ಸೊಳ್ಳೆಗೆ. ಸೊಳ್ಳೆ ತೃಪ್ತಿಯಿಂದ ತಲೆಯಾಡಿಸಿದ.

ಕಡ್ಡಿಗೆ ಮಾತ್ರ ರೋಗ ತಿಳಿದುಹೋಗಿತ್ತು. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬರ ತೂಕ ದಾರಿಯಲ್ಲೆಲ್ಲೋ ನಿಂತುಬಿಡುತ್ತಿತ್ತು. ಇನ್ನೊಬ್ಬರು ಹತ್ತಿ ಹಿಂದಿನಿಂದ ನೂಕಿದಾಗಲೇ ಅದು ಒಳಗೆ ಹೋಗುತ್ತಿತ್ತು. ಹೀಗೆ ಹೋದ ತಿಂಗಳಿಂದ ಪ್ರತಿಯೊಬ್ಬ ರೋಗಿಯೂ ತನಗಿಂತ ಮುಂದಿದ್ದವನ ತೂಕ ಹೊತ್ತುಕೊಂಡು ಮನೆಗೆ ಹೋಗಿದ್ದ.

ನಿಲ್ಲುವ ಜಾಗ ಎಲ್ಲಿ? ಅವನು ಅಕ್ಕನ ಮೇಜಿನ ಕೆಳಗೆ ತೂರಿಕೊಂಡ. ಸುರುಳಿ ಬಿದ್ದಿದ್ದ ಜಾಗದಲ್ಲಿ ನಾಲ್ಕು ಬಾಯಿಯ ಒಂದು ಪುಟ್ಟ ಡಬ್ಬಿ ಧೂಳು ಹೊದ್ದು ಮಲಗಿತ್ತು. ಒಂದು ಬಾಯಿಗೆ ತೂಕದ ವೈರು. ಇನ್ನೊಂದಕ್ಕೆ ಪ್ರಿಂಟರು. ಮತ್ತೊಂದಕ್ಕೆ ಅಕ್ಕನ ಮೊಬೈಲು. ಕೊನೆಯದಕ್ಕೆ ಸೊಳ್ಳೆ ಸೆಕೆಗೆಂದು ತಂದಿಟ್ಟುಕೊಂಡ ಅಂಗೈಯಗಲದ ಫ್ಯಾನು. ಹಿಂದಿನ ಒಂದೇ ವೈರಿನಿಂದ ಇವರೆಲ್ಲ ಕಂಪ್ಯೂಟರಿಗೆ ಹೋಗಬೇಕು. ಬಸ್ಸಿನ ಬಾಗಿಲಲ್ಲಿ ಮೂವರು ನಿಂತು ಹರಟುತ್ತಿದ್ದರೆ ನಾಲ್ಕನೆಯವನು ಮೆಟ್ಟಿಲ ಮೇಲೇ ಉಳಿಯುವುದು ಸಹಜ.

ಅವನು ತೂಕದ ವೈರನ್ನು ಡಬ್ಬಿಯಿಂದ ಕಿತ್ತು ನೇರವಾಗಿ ಕಂಪ್ಯೂಟರಿನ ಬೆನ್ನಿಗೆ ಒಯ್ದ. ತಾತನ ದಯದಿಂದ ಸುರುಳಿ ಬಿಚ್ಚಿದ್ದರಿಂದ ಅದು ಸರಿಯಾಗಿ ಅಲ್ಲಿಗೆ ತಲುಪಿತು. ಯಂತ್ರದ ಮೇಲೆ ದಿಂಬಿಟ್ಟು ಓಡಿದ. ಅವನಿಗಿಂತ ಮೊದಲೇ ನಾನೂರು ಗ್ರಾಂ ಬಂದು ಪರದೆಯ ಮೇಲೆ ಕೂತಿತ್ತು.

ಊಟ ಮುಗಿಸಿ ಬಂದ ಡಾಕ್ಟರಮ್ಮ ಒಂದಿಬ್ಬರು ರೋಗಿಗಳನ್ನು ತೂಗಿಸಿ ನೋಡಿದರು. ಕಾಲಿಟ್ಟದ್ದೇ ತಡ ತೂಕ ಹಾಜರು. "ಪರವಾಗಿಲ್ವೇ ಕಡ್ಡಿ," ಎಂದರು. "ಯಜಮಾನರು ಬಂದು ಹೋಗ್ಲಿ, ಅವರೆದುರಿಗೇ ಕುರ್ಚಿ ಕೊಡ್ತೀನಿ." ಕಡ್ಡಿ ದಿಂಬಿನ ಧೂಳು ಕೊಡವಿ, ಗಿಳಿಗಳ ಕಡೆ ಮೇಲಾಗಿರುವಂತೆ ಎರಡೂ ಕೈಯಲ್ಲಿ ಹಿಡಿದು ನಿಂತ.

ಸಾಯಂಕಾಲ ಯಜಮಾನರು ಬಂದರು. ಮೊದಲು ಅವರ ಹೊಟ್ಟೆ, ಆಮೇಲೆ ಅವರು, ಅವರ ಹಿಂದೆ ಅವರಿಗೇನೂ ಕಡಿಮೆಯಿಲ್ಲದ ಬೀಗರು ಮತ್ತು ಬೀಗಿತ್ತಿ. ಯಜಮಾನರು ದಾರಿಯುದ್ದಕ್ಕೂ ಹಗುರ ಮೂಳೆಯ ವಿಚಾರ ಹೇಳಿಕೊಂಡೇ ಬಂದಿದ್ದರೆಂಬುದು ಬೀಗರ ಮುಖದ ಆಯಾಸದಿಂದ ತಿಳಿಯುತ್ತಿತ್ತು.

"ಏನೋ ತೊಂದರೆ ಇತ್ತಂತೆ?" ಎಂದರು ಯಜಮಾನರು.

"ಇತ್ತು. ಈಗ ಸರಿಹೋಗಿದೆ," ಎಂದರು ಡಾಕ್ಟರಮ್ಮ.

"ಆಫ್ ಮಾಡಿ ಆನ್ ಮಾಡಿ ಅಂತ ನಾನೇ ಹೇಳಿದ್ದು," ಎಂದಳು ಅಕ್ಕ.

"ಸುರುಳಿ ಬಿಚ್ಚಿಸಿದ್ದು ನಾನು," ಎಂದರು ತಾತ. ಈ ಕ್ಷಣಕ್ಕಾಗಿಯೇ ಅವರು ಅಂದು ಮನೆಗೆ ಹೋಗಿರಲಿಲ್ಲ.

"ದಿಂಬು ಇಡು ಅಂದಿದ್ದು ನಾನು. ಅದರಿಂದಲೇ ಗೊತ್ತಾಗಿದ್ದು," ಎಂದ ಸೊಳ್ಳೆ.

ಯಜಮಾನರು ಎಲ್ಲರಿಗೂ ಒಂದೊಂದು ನಗೆ ಹಂಚಿ, ಚಪ್ಪಲಿ ಬಿಟ್ಟು, ಯಂತ್ರ ಹತ್ತಿದರು. ಬೀಗರಿಗೆ ಕಾಣಲೆಂದು ಡಾಕ್ಟರಮ್ಮ ಪರದೆಯನ್ನು ಬಾಗಿಲ ಕಡೆ ತಿರುಗಿಸಿಟ್ಟಿದ್ದರು. ಯಜಮಾನರ ಎರಡನೆಯ ಪಾದ ಪೂರ್ತಿ ಊರುವ ಮೊದಲೇ, ಅಷ್ಟು ದೊಡ್ಡ ಅಕ್ಷರದಲ್ಲಿ, ಅಷ್ಟು ಚುರುಕಾಗಿ ಅಂಕಿ ಮೂಡಿತು: ನೂರ ಮೂವತ್ತೊಂದು.

ಬೀಗಿತ್ತಿ ಕನ್ನಡಕ ಹಾಕಿಕೊಂಡು ಅಂಕಿಯನ್ನು ಇನ್ನೊಮ್ಮೆ ಓದಿದರು. ಬೀಗರು, "ಮೂಳೆ ಹಗುರ ಇರಬಹುದು, ಮಿಕ್ಕಿದ್ದು ನೋಡ್ಕೋಬೇಕು," ಎಂದರು.

ಯಜಮಾನರು ಇಳಿಯಲಿಲ್ಲ. ಅಲ್ಲೇ ನಿಂತು, ಬಲು ಶಾಂತವಾಗಿ ಕೇಳಿದರು. "ಇದನ್ನ ಮುಟ್ಟಿದ್ದು ಯಾರು?"

"ಕಡ್ಡಿ," ಎಂದಳು ಅಕ್ಕ.

"ಅವನೇ," ಎಂದರು ತಾತ.

"ಬೇಡ ಬೇಡ ಅಂದೆ ನಾನು," ಎಂದ ಸೊಳ್ಳೆ.

ಕಡ್ಡಿ ಬಾಯಿ ತೆರೆದ. ಆಗ ಅವನಿಗೆ ನಲವತ್ತಾರು ಎಂಬ ಅಂಕಿಯನ್ನು ಎಲ್ಲಿ ಕಂಡಿದ್ದೆಂಬುದು ನೆನಪಿಗೆ ಬಂದು, ತೆರೆದ ಬಾಯಿ ಹಾಗೆಯೇ ಉಳಿಯಿತು. ಉದ್ಘಾಟನೆಯ ದಿನ ಗಾಜು ಗಟ್ಟಿಯಿದೆಯೋ ಇಲ್ಲವೋ ಎಂದು ಮೊದಲು ಅವನನ್ನೇ ಹತ್ತಿಸಿ ನೋಡಿದ್ದರು. ಏನೂ ಬರಲಿಲ್ಲವೆಂದು ಇಳಿಸಿದ್ದರು. ಆಮೇಲೆ ಯಜಮಾನರು ಹತ್ತಿದಾಗ ನಲವತ್ತಾರು ಬಂದಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಹೋದ ತಿಂಗಳಿಡೀ ಯಜಮಾನರು ಊರಲ್ಲಿ ಹೊಗಳಿಕೊಂಡು ತಿರುಗಿದ್ದು ಕಡ್ಡಿಯ ಮೂಳೆಗಳನ್ನು.

ಅದೇ ಲೆಕ್ಕ ಡಾಕ್ಟರಮ್ಮನಿಗೂ ಅದೇ ಗಳಿಗೆಯಲ್ಲಿ ಹೊಳೆದಿರಬೇಕು. ಅವರು ಒಮ್ಮೆ ಯಜಮಾನರನ್ನು ನೋಡಿದರು, ಒಮ್ಮೆ ಯಜಮಾನರ ಹೆಸರಿನಲ್ಲಿರುವ ಕಟ್ಟಡದ ಸೂರನ್ನು ನೋಡಿದರು.

"ಹೊಸದಾಗಿ ಜೋಡಿಸಿದ್ದು, ಇನ್ನೂ ಹೊಂದಿಕೊಂಡಿಲ್ಲ," ಎಂದರು.

"ಚೆನ್ನಾಗಿದ್ದ ಮಷಿನ್ನು," ಎಂದರು ಯಜಮಾನರು ದುಃಖದಿಂದ. "ಆವತ್ತು ಹೇಗಿತ್ತೋ ಹಾಗೇ ಮಾಡಿ. ಹೆಚ್ಚೂ ಬೇಡ ಕಡಿಮೆಯೂ ಬೇಡ."

ಹಾಗೆಯೇ ಮಾಡಿದರು. ಕಡ್ಡಿ ತನ್ನ ಕೈಯಾರೆ ವೈರನ್ನು ಮತ್ತೆ ಡಬ್ಬಿಯ ಬಾಯಿಗೆ ತುರುಕಿದ. ಅಕ್ಕನ ಮೊಬೈಲೂ ಸೊಳ್ಳೆಯ ಫ್ಯಾನೂ ತಮ್ಮ ಸ್ಥಾನಗಳಲ್ಲಿ ನೆಲೆಗೊಂಡವು. ಡಾಕ್ಟರಮ್ಮ ಕಣ್ಣಲ್ಲೇ ಸೂಚಿಸಿದರು. ಕಡ್ಡಿ ದಿಂಬನ್ನು ಮೇಜಿನ ಮೇಲಿಟ್ಟು ಯಂತ್ರ ಹತ್ತಿ ಇಳಿದ. ಹಿಂದೆಯೇ ಯಜಮಾನರು ಹತ್ತಿದರು. ಪರದೆ ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ ನಲವತ್ತಾರು ಎಂದಿತು.

"ಒಂದು ತಿಂಗಳಲ್ಲಿ ಒಂದು ಗ್ರಾಂ ಏರಿಲ್ಲ," ಎಂದರು ಯಜಮಾನರು ಬೀಗರತ್ತ ತಿರುಗಿ.

ಬೀಗರು ಏನೋ ಹೇಳಹೊರಟರು. ಅಷ್ಟರಲ್ಲಿ ಬೀಗಿತ್ತಿ ಅವರನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, "ನಂದೂ ಒಂದ್ಸಲ ನೋಡಿ ಡಾಕ್ಟ್ರೇ," ಎಂದು ಚಪ್ಪಲಿ ಬಿಟ್ಟರು. ಡಾಕ್ಟರಮ್ಮ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಕಡ್ಡಿ ಮತ್ತೊಮ್ಮೆ ಹತ್ತಿ ಇಳಿದ ಮೇಲೆ ಮತ್ತೆ ಬಾಗಿಲ ಕಡೆ ತಿರುಗಿಸಿದರು. ಆಕೆಯ ಮೂಳೆಯೂ ಹಗುರವೆಂದು ತಿಳಿದುಬಂತು. ಆಮೇಲೆ ಬೀಗರು ತಾವೂ ಚಪ್ಪಲಿ ಬಿಟ್ಟರು.

ಅವರೆಲ್ಲ ಹೊರಟಮೇಲೆ ಕಡ್ಡಿ ಡಾಕ್ಟರಮ್ಮನ ಬಾಗಿಲಲ್ಲಿ ನಿಂತ. "ಅಮ್ಮಾ, ಕುರ್ಚಿ?"

"ನಿನ್ನ ಕೂರಿಸಿದ್ರೆ ಮಷಿನ್ ನಡಿಯೋದು ಹೇಗೆ?" ಎಂದರು ಡಾಕ್ಟರಮ್ಮ. ಅವರ ಧ್ವನಿಯಲ್ಲಿ ನಿಜವಾದ ಸಂಕಟವಿತ್ತು. "ಕೌಂಟರಿಗೆ ಯಾರಾದ್ರೂ ಸಿಗ್ತಾರೆ. ನಿನ್ನಂಥವನು ಸಿಗಲ್ಲ."

ಬೀಗಿತ್ತಿಯ ಬಾಯಿ ದೊಡ್ಡದು. ಮುಂದಿನ ವಾರದಿಂದ ಕ್ಲಿನಿಕ್ಕಿನ ಮುಂದೆ ಸಾಲು ರಸ್ತೆಯ ತಿರುವಿನವರೆಗೆ ಬೆಳೆಯಿತು. ಡಾಕ್ಟರಮ್ಮ ಔಷಧಿಯನ್ನು ಮಾತ್ರ ರೋಗಿಯ ಹೊಟ್ಟೆಯನ್ನು ಕಣ್ಣಾರೆ ನೋಡಿ ಬರೆಯುತ್ತಿದ್ದರು. ತೂಕವೇನಿದ್ದರೂ ಬಂದವರ ಸಮಾಧಾನಕ್ಕೆ. ಅಕ್ಕ ಹೇಳುವ ಪ್ರಕಾರ ಲಾರಿ ಡ್ರೈವರು ಕೂಡ ಮತ್ತೆ ಬಂದು, ಬೆಣ್ಣೆ ತಿಂದು ಏಳು ಕಿಲೋ ಮೈ ಬಂತೆಂದು ಹರ್ಷಿಸಿ, ಡೋಸು ಹೆಚ್ಚಿಸಬೇಕೇ ಎಂದು ಕೇಳಿ ಹೋದ. ಒಬ್ಬೊಬ್ಬರಿಗೂ ಮುಂಚೆ ಕಡ್ಡಿ ಹತ್ತುತ್ತಿದ್ದ, ಇಳಿಯುತ್ತಿದ್ದ. ಮೊದಲು ಬರೀ ನಿಲ್ಲಬೇಕಿತ್ತು. ಈಗ ಮೆಟ್ಟಿಲೂ ಸೇರಿತ್ತು. ಮೇಲಾಗಿ ಅವನು ಹೊಟ್ಟೆತುಂಬ ಉಂಡರೆ ಊರಿಗೆ ಊರೇ ದಪ್ಪಗಾಗುತ್ತಿದ್ದುದರಿಂದ, ಮಧ್ಯಾಹ್ನ ಅವನ ಬುತ್ತಿಯನ್ನು ಅಕ್ಕ ಬಿಚ್ಚಿ ನೋಡಿ ಅರ್ಧ ತೆಗೆದಿಡತೊಡಗಿದಳು.

ಕೊನೆಗೊಂದು ದಿನ, ಗಾಜಿನ ತಂಪಿಗೆ ಪಾದ ಜೋಮು ಹಿಡಿಯುತ್ತದೆಂದು, ಕಡ್ಡಿ ದಿಂಬನ್ನು ಹಲಗೆಯ ಮೇಲಿಟ್ಟು ಅದರ ಮೇಲೆ ನಿಂತುಕೊಂಡ. ಎಷ್ಟೋ ವರ್ಷಗಳ ನಂತರ ಅವನ ದೇಹದ ಯಾವುದೋ ಒಂದು ಭಾಗಕ್ಕಾದರೂ ಮೆತ್ತಗೆ ಅನಿಸಿತು. ಅವನು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಹೊರಗಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಅಕ್ಕ ಬಾಗಿಲಲ್ಲಿ ಇಣುಕಿದಳು.

"ಆ ದಿಂಬು ತೆಗಿಯಪ್ಪಾ ಕಡ್ಡಿ. ಎಲ್ಲರಿಗೂ ನಾನೂರು ಗ್ರಾಂ ಜಾಸ್ತಿ ಬರ್ತಿದೆ, ಯಜಮಾನರು ಫೋನ್ ಮಾಡಿದ್ರು."

ಕಡ್ಡಿ ದಿಂಬನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡ.

"ಕಂಕುಳಲ್ಲಿ ಇಟ್ಕೊಂಡ್ರೂ ಅಷ್ಟೇ ಅಲ್ವೇನೋ," ಎಂದಳು ಅಕ್ಕ.

ಎದುರಿನ ಔಷಧಿ ಕೌಂಟರಿನಲ್ಲಿ ಸೊಳ್ಳೆ ಕೂತಲ್ಲೇ ಒಂದು ಸುತ್ತು ತಿರುಗಿ, ಕೈ ಚಾಚಿದ. "ಇಲ್ಲಿ ಕೊಡಯ್ಯಾ, ಸುಮ್ನೆ ಯಾಕೆ ಹಿಡ್ಕೊಂಡಿದ್ದೀಯ. ಈ ಕುರ್ಚಿ ಸ್ವಲ್ಪ ಒತ್ತತ್ತೆ."

ಹೀಗೆ, ದಿಂಬಿಗಾದರೂ ಕುರ್ಚಿ ಸಿಕ್ಕಿತು.